ಮಾರು ಮತ್ತು ಕೊಳ್ಳು: ಎರಡು ಧಾತುಗಳ ಚರಿತ್ರೆ

ಒಂದು ಜನಾಂಗದ ಬಾಳಿನ ಚರಿತ್ರೆಯನ್ನು ಅರಿಯಲು ಶಾಸನ, ಕಾವ್ಯ, ಕಡತಗಳು ಎಷ್ಟು ಮುಖ್ಯವೋ, ಆ ಜನರ ನಾಲಗೆಯ ಮೇಲೆ ನಿತ್ಯವೂ ಸುಳಿದಾಡುವ ಶಬ್ದಗಳೂ ಅಷ್ಟೇ ಮುಖ್ಯ. ಅಪರೂಪದ ಶಬ್ದಗಳನ್ನು ಕಂಡಾಗ ನಾವು ನಿಘಂಟನ್ನು ತೆರೆಯುತ್ತೇವೆ. ದಿನಕ್ಕೆ ಹತ್ತು ಸಲ ಬಳಸುವ ಶಬ್ದಗಳ ವಿಷಯದಲ್ಲಿ ಅಂಥ ಕುತೂಹಲ ನಮಗೆ ಹುಟ್ಟುವುದಿಲ್ಲ. ‘ಮಾರು’ ಎಂಬುದು ಅಂಥ ಒಂದು ಶಬ್ದ. ಹಣ್ಣು ಮಾರುವವಳಿಂದ ಮೊದಲುಗೊಂಡು ಹೊಲ ಮಾರುವವನವರೆಗೆ ಎಲ್ಲರೂ ಬಳಸುವ ಈ ಕ್ರಿಯಾಪದದ ಅರ್ಥವನ್ನು ಯಾರೂ ಯಾರಿಗೂ ವಿವರಿಸಬೇಕಾಗಿಲ್ಲ; ಬೆಲೆ ಪಡೆದು ವಸ್ತುವನ್ನು ಬಿಟ್ಟುಕೊಡುವುದೇ ಮಾರುವುದು. ಆದರೆ ಈ ಅರ್ಥವು ಧಾತುವಿನ ಮೂಲಾರ್ಥವಲ್ಲ. ಮೂಲದಲ್ಲಿ ಅದು ಬೇರೊಂದನ್ನು ಹೇಳುತ್ತಿತ್ತು. ಹಾಗೆ ಹೇಳುತ್ತಿದ್ದುದರಲ್ಲಿ ನಮ್ಮ ಹಿರಿಯರು ವ್ಯವಹಾರವನ್ನು ಹೇಗೆ ಕಂಡಿದ್ದರೆಂಬ ಒಂದು ತಿಳಿವಳಿಕೆ ಅಡಗಿದೆ. ಅದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಅಕ್ಷರದ ಸಮಸ್ಯೆ

ಮೊದಲು ಅಕ್ಷರದ ಮಾತನ್ನು ಇತ್ಯರ್ಥಗೊಳಿಸಬೇಕು. ಇಂದು ನಾವು ‘ಮಾರು’ ಎಂದು ಒಂದೇ ಬಗೆಯಾಗಿ ಬರೆಯುವ ರೂಪದಲ್ಲಿ ಹಿಂದೆ ಬೇರೆ ಬೇರೆಯಾಗಿದ್ದ ಶಬ್ದಗಳು ಸೇರಿಕೊಂಡಿವೆ. ಹಳಗನ್ನಡದಲ್ಲಿ ರಕಾರವಲ್ಲದೆ ‘ಱ’ ಎಂಬ ಇನ್ನೊಂದು ಅಕ್ಷರವೂ ಇತ್ತು. ವೈಯಾಕರಣರು ಅದನ್ನು ಶಕಟರೇಫವೆಂದು ಕರೆದರು. ಬಂಡಿ ರಕಾರವೆಂಬುದು ಅದರ ಕನ್ನಡ ಹೆಸರು. ಪೂರ್ವಕವಿಗಳು ಪ್ರಾಸಸ್ಥಾನದಲ್ಲಿ ಇವೆರಡನ್ನು ಬೆರೆಸುತ್ತಿರಲಿಲ್ಲ. ‘ಕರೆ’ ಎಂದರೆ ಕೂಗು, ಆಹ್ವಾನಿಸು; ‘ಕಱೆ’ ಎಂದರೆ ಹಾಲು ಹಿಂಡು. ಉಚ್ಚಾರಣೆಯಲ್ಲಿ ಇವುಗಳ ಭೇದವು ನಡುಗನ್ನಡದ ಕಾಲಕ್ಕೆ ಅಳಿದುಹೋಯಿತು. ಬರೆಹದಲ್ಲಿ ಕೆಲವು ಕಾಲ ಉಳಿದು, ಮುಂದೆ ಅಲ್ಲಿಯೂ ಮರೆಯಾಯಿತು.

ಹೂವಾಡಗಿತ್ತಿ ಎರಡು ಮಾರು ಮಲ್ಲಿಗೆಯನ್ನು ಮಾರುತ್ತಾಳೆಂಬ ವಾಕ್ಯದಲ್ಲಿ ಎರಡು ‘ಮಾರು’ಗಳಿವೆ. ಮೊದಲನೆಯದು ಚಾಚಿದ ಎರಡು ತೋಳುಗಳ ಉದ್ದವನ್ನು ಹೇಳುವ ಅಳತೆ. ಅದು ಸಾಧಾರಣ ರಕಾರದ್ದು. ಎರಡನೆಯದು ಶಕಟರೇಫದ ‘ಮಾಱು’, ಮಾರಾಟದ ಕ್ರಿಯೆ. ಕಿವಿಗೆ ಒಂದೇ ಆಗಿ ಕೇಳುವ ಇವುಗಳಿಗೆ ಮೂಲದಲ್ಲಿ ಸಂಬಂಧವಿಲ್ಲ. ಗ್ರಾಮದೇವತೆಯಾದ ಮಾರಿಯ ಹೆಸರೂ, ಮನ್ಮಥನನ್ನು ಹೇಳುವ ಸಂಸ್ಕೃತದ ‘ಮಾರ’ ಶಬ್ದವೂ ಈ ಬಳಗಕ್ಕೆ ಸೇರಿದವಲ್ಲ. ಶಬ್ದಮೂಲವನ್ನು ಹುಡುಕುವವನು ಇಂದಿನ ಕಾಗುಣಿತವನ್ನಷ್ಟೇ ನಂಬಿದರೆ ದಾರಿ ತಪ್ಪುವುದು ಸಹಜ.

ಮಾಱು ಶಬ್ದದ ಬಳಗ

ಹಾಗಾದರೆ ಶಕಟರೇಫದ ‘ಮಾಱು’ ಶಬ್ದದ ಬಂಧುಗಳಾವುವು? ಕನ್ನಡದಲ್ಲಿಯೇ ಅವು ಬೇಕಾದಷ್ಟಿವೆ. ಒಬ್ಬನು ಆಡಿದ ಮಾತಿಗೆ ಎದುರಾಗಿ ಬರುವ ಮಾತು ಮಾರ್ನುಡಿ ಅಥವಾ ಮಾರುತ್ತರ. ಬೆಟ್ಟದಿಂದ ಮರಳಿ ಬರುವ ದನಿ ಮಾರ್ದನಿ. ಒಂದು ವೇಷವನ್ನು ಬಿಟ್ಟು ತೊಟ್ಟ ಇನ್ನೊಂದು ವೇಷ ಮಾರುವೇಷ. ಒಂದು ಸ್ಥಿತಿಯಿಂದ ಇನ್ನೊಂದು ಸ್ಥಿತಿಗೆ ಹೊರಳುವುದು ಮಾರ್ಪಡುವುದು. ರಣರಂಗದಲ್ಲಿ ಎದುರು ನಿಲ್ಲುವ ಸೈನ್ಯ ಮಾರ್ಬಲ. ಮರುದಿನ, ಮರುಮಾತು ಮೊದಲಾದ ಶಬ್ದಗಳಲ್ಲಿರುವ ಹ್ರಸ್ವರೂಪವೂ ಇದೇ ಬಳಗದ್ದು. ಇವೆಲ್ಲವುಗಳಲ್ಲಿಯೂ ಸಾಮಾನ್ಯವಾಗಿ ಕಾಣುವ ಭಾವವೆಂದರೆ ಒಂದಕ್ಕೆ ಪ್ರತಿಯಾಗಿ ಇನ್ನೊಂದು ಇರುವುದು. ನುಡಿಗೆ ಪ್ರತಿ ನುಡಿ, ದನಿಗೆ ಪ್ರತಿ ದನಿ, ಬಲಕ್ಕೆ ಪ್ರತಿ ಬಲ. ಎರಡು ಪಕ್ಷಗಳಿಲ್ಲದೆ ‘ಮಾಱು’ ಇಲ್ಲ.

ಸೋದರ ಭಾಷೆಗಳೂ ಇದನ್ನೇ ಸಮರ್ಥಿಸುತ್ತವೆ. ತಮಿಳಿನಲ್ಲಿ ‘ಮಾಱು’ ಎಂದರೆ ಬದಲಾಗು; ಅದರ ಸಕರ್ಮಕರೂಪವು ಬದಲಾಯಿಸು, ವಿನಿಮಯ ಮಾಡು ಎಂಬರ್ಥಗಳಲ್ಲಿ ಇಂದಿಗೂ ಬಳಕೆಯಲ್ಲಿದೆ. ತೆಲುಗಿನಲ್ಲಿಯೂ ‘ಮಾರು’ ಎಂದರೆ ಬದಲಾಗು ಎಂದೇ ಅರ್ಥ. ಮಾರುವುದಕ್ಕೆ ಅಲ್ಲಿ ‘ಅಮ್ಮು’ ಎಂಬ ಬೇರೆಯೇ ಧಾತುವಿದೆ. ತಮಿಳು ಮಲಯಾಳಗಳಲ್ಲಿ ಮಾರಾಟಕ್ಕೆ ‘ವಿಲ್’ ಎಂಬುದು ಧಾತು. ಅದಕ್ಕೆ ಸಂಬಂಧಿಸಿದ ‘ವಿಲೈ’, ‘ವಿಲ’ ಎಂಬ ನಾಮಪದಗಳು ಕನ್ನಡದ ‘ಬೆಲೆ’ಯ ಸೋದರಿಯರು. ಬೆಲೆ ಎಂಬ ನಾಮಪದವನ್ನು ಕನ್ನಡವು ಉಳಿಸಿಕೊಂಡರೂ ಮಾರುವ ಕ್ರಿಯೆಗೆ ‘ಮಾಱು’ ಧಾತುವನ್ನೇ ಮುಂದಕ್ಕೆ ತಂದಿತು. ತುಳುವಿನಲ್ಲಿಯೂ ಮಾರುವುದಕ್ಕೆ ಇದೇ ಧಾತು. ಬರೋ ಮತ್ತು ಎಮೆನೋ ಅವರು 1961ರಲ್ಲಿ ಪ್ರಕಟಿಸಿ 1984ರಲ್ಲಿ ಪರಿಷ್ಕರಿಸಿದ ದ್ರಾವಿಡ ಶಬ್ದಮೂಲಕೋಶವು ಈ ರೂಪಗಳನ್ನೆಲ್ಲ ಒಂದೇ ಗುಂಪಿಗೆ ಸೇರಿಸಿದೆ. ಆದುದರಿಂದ ಕನ್ನಡದ ಮಾರು ಎಂಬುದರ ಮೂಲಾರ್ಥವು ಬದಲಾಗಿ ಕೊಡು, ಅಂದರೆ ಒಂದನ್ನಿತ್ತು ಒಂದನ್ನು ಪಡೆ ಎಂಬುದೇ ಆಗಿದೆ.

ಇಂಥ ವಿಚಾರವು ಸಂಸ್ಕೃತಕ್ಕೂ ಹೊಸತಲ್ಲ. ಅಲ್ಲಿ ಕ್ರಯ, ವಿಕ್ರಯಗಳೆರಡಕ್ಕೂ ಮೂಲವಾದ ‘ಕ್ರೀ’ ಧಾತುವಿಗೆ ಪಾಣಿನೀಯ ಧಾತುಪಾಠವು ಹೇಳುವ ಅರ್ಥ ದ್ರವ್ಯಗಳ ವಿನಿಮಯವೆಂದೇ. ಕೊಳ್ಳುವವನ ಕಡೆಯಿಂದ ಅದು ಕ್ರಯ; ‘ವಿ’ ಉಪಸರ್ಗ ಸೇರಿ ಕೊಡುವವನ ಕಡೆಯಿಂದ ವಿಕ್ರಯ. ಭಾಷೆಗಳು ಬೇರೆಯಾದರೂ ನೋಟ ಒಂದೇ.

ಕೊಳ್ ಧಾತುವಿನ ಎರಡು ಮುಖ

ಇನ್ನು ‘ಕೊಳ್ಳು’ ಎಂಬುದನ್ನು ನೋಡೋಣ. ಹಳಗನ್ನಡದ ‘ಕೊಳ್’ ಎಂದರೆ ತೆಗೆದುಕೋ, ಹಿಡಿ, ವಶಪಡಿಸಿಕೋ ಎಂದರ್ಥ. ಬೆಲೆ ಕೊಟ್ಟು ತೆಗೆದುಕೊಳ್ಳುವುದು ಆ ವಿಶಾಲಾರ್ಥದ ಒಂದು ಭಾಗ ಮಾತ್ರ. ವೀರಗಲ್ಲುಗಳನ್ನು ಓದಿದವರಿಗೆ ‘ತುಱುಗೊಳ್’ ಎಂಬ ಮಾತು ಪರಿಚಿತವೇ ಇದೆ. ಊರಿನ ಹಸುಗಳ ಹಿಂಡನ್ನು ಬಲಾತ್ಕಾರದಿಂದ ಹೊಡೆದುಕೊಂಡು ಹೋಗುವುದೇ ತುಱುಗೊಳ್. ಅವುಗಳನ್ನು ಬಿಡಿಸಿ ತರಲು ಹೋಗಿ ಮಡಿದವರ ನೆನಪಿಗೆ ನಿಂತ ಕಲ್ಲುಗಳು ಕನ್ನಡನಾಡಿನ ಊರೂರುಗಳಲ್ಲಿ ಕಾಣಸಿಗುತ್ತವೆ. ಸೂರೆಗೊಳ್ ಎಂಬುದೂ ಇಂಥದೇ. ನಾವು ಇಂದು ಕೊಳ್ಳೆ ಹೊಡೆಯುವುದು ಎನ್ನುವಲ್ಲಿರುವ ‘ಕೊಳ್ಳೆ’ ಶಬ್ದವೂ ಇದೇ ಕೊಳ್ ಧಾತುವಿನಿಂದ ಹುಟ್ಟಿದ್ದು. ಕೊಳ್ಳುವುದು ಮತ್ತು ಕೊಳ್ಳೆ ಒಂದೇ ತಾಯಿಯ ಮಕ್ಕಳು!

ಈ ಮಾತು ಮೊದಲಿಗೆ ವಿಚಿತ್ರವಾಗಿ ತೋರಬಹುದು. ಆದರೆ ಇದರಲ್ಲಿಯೇ ಒಂದು ಗಹನವಾದ ಸತ್ಯವಿದೆ. ವಸ್ತುವು ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ಹೋಗುವ ಹೊರಗಿನ ಕ್ರಿಯೆಯನ್ನಷ್ಟೇ ನೋಡಿದರೆ ಕ್ರಯಕ್ಕೂ ಕೊಳ್ಳೆಗೂ ಭೇದವಿಲ್ಲ. ಎರಡರಲ್ಲಿಯೂ ತೆಗೆದುಕೊಳ್ಳುವುದೇ ನಡೆಯುತ್ತದೆ. ಹಾಗಾದರೆ ಭೇದವನ್ನು ಉಂಟುಮಾಡುವುದು ಯಾವುದು? ಆ ಪ್ರಶ್ನೆಗೆ ಉತ್ತರವನ್ನು ಹಳಗನ್ನಡವೇ ಒಂದು ಸಮಾಸದಲ್ಲಿ ಇಟ್ಟುಕೊಂಡಿದೆ. ಅದು ‘ಮಾಱುಗೊಳ್’.

ಹೊಯ್ಸಳರ ಕಾಲದ ದಾನಶಾಸನಗಳಲ್ಲಿ ‘ಮಾಱುಗೊಂಡು’ ಎಂಬ ಪ್ರಯೋಗವಿದೆ. ದಾನಿಯು ಭೂಮಿಯನ್ನು ಅದರ ಒಡೆಯರಿಂದ ಮಾಱುಗೊಂಡು, ದೇವರ ಪೂಜೆಗೋ ಅನ್ನದಾನಕ್ಕೋ ಬಿಟ್ಟನೆಂಬುದು ಇಂಥ ಶಾಸನಗಳ ಸಾಮಾನ್ಯ ರೀತಿ. ಇಂದಿನ ಓದುಗನಿಗೆ ಇದು ತೊಡಕಾಗಿ ಕಾಣುತ್ತದೆ. ಮಾಱು ಎಂದರೆ ವಿಕ್ರಯ. ಕೊಳ್ ಎಂದರೆ ಕ್ರಯ. ಎರಡೂ ಒಂದೇ ಪದದಲ್ಲಿ ಹೇಗೆ ಸೇರಿದವು? ದಾನಿಯು ಮಾರಿದನೋ, ಕೊಂಡನೋ? ಮಾಱು ಎಂಬುದಕ್ಕೆ ಹಣಕ್ಕೆ ಕೊಡುವುದೆಂಬ ಇಂದಿನ ಅರ್ಥವೊಂದೇ ಇದ್ದಿದ್ದರೆ ಈ ಸಮಾಸವು ಅಸಂಬದ್ಧವೇ ಆಗುತ್ತಿತ್ತು. ಮೂಲಾರ್ಥವನ್ನು ನೆನೆದರೆ ತೊಡಕು ತಾನಾಗಿಯೇ ಬಿಡುತ್ತದೆ. ಮಾಱು ಎಂದರೆ ಪ್ರತಿ, ಬದಲು. ಮಾಱುಗೊಳ್ ಎಂದರೆ ಪ್ರತಿಯಾಗಿ ಒಂದನ್ನಿತ್ತು ತೆಗೆದುಕೊಳ್ಳುವುದು. ತುಱುಗೊಳ್ ಎಂಬಲ್ಲಿ ಪೂರ್ವಪದವು ತೆಗೆದುಕೊಂಡ ವಸ್ತುವನ್ನು ಹೇಳಿದರೆ, ಮಾಱುಗೊಳ್ ಎಂಬಲ್ಲಿ ಅದು ತೆಗೆದುಕೊಂಡ ರೀತಿಯನ್ನು ಹೇಳುತ್ತದೆ. ಬರಿಯ ಕೊಳ್ ಕೊಳ್ಳೆಯಾಗಬಲ್ಲದು. ಮಾಱಿನೊಡನೆ ಸೇರಿದ ಕೊಳ್ ಕ್ರಯವಾಗುತ್ತದೆ. ವ್ಯಾಪಾರವನ್ನು ದರೋಡೆಯಿಂದ ಬೇರ್ಪಡಿಸುವ ಗೆರೆಯು ಈ ಒಂದು ಪದದಲ್ಲಿದೆ.

ಶಾಸನಗಳ ಕ್ರಯಪತ್ರಗಳು

ಆ ಪ್ರತಿಯು ಎಂಥದಾಗಿರಬೇಕು? ಹಿಡಿ ರಾಗಿಯನ್ನು ಕೊಟ್ಟು ಹಿಡಿ ಹೊನ್ನನ್ನು ಪಡೆದರೂ ಅದು ವಿನಿಮಯವೇ ಆಗುತ್ತದೆಯಲ್ಲವೆ? ನಮ್ಮ ಹಿಂದಿನವರು ಇದನ್ನು ಆಲೋಚಿಸಿದ್ದರೆಂಬುದಕ್ಕೆ ವಿಜಯನಗರ ಕಾಲದ ಭೂಕ್ರಯಶಾಸನಗಳು ಸಾಕ್ಷಿಯಾಗಿವೆ. ಅವುಗಳಲ್ಲಿ ಬೆಲೆಯನ್ನು ಸುಮ್ಮನೆ ಬೆಲೆಯೆಂದು ಹೇಳಿ ಬಿಡುವುದಿಲ್ಲ. ಅದು ಮಧ್ಯಸ್ಥರಿಂದ ಪರಿಕಲ್ಪಿತವಾದುದು, ಉಭಯವಾದಿಗಳಿಗೂ ಸಂಪ್ರತಿಪನ್ನವಾದುದು, ತತ್ಕಾಲೋಚಿತವಾದ ಕ್ರಯದ್ರವ್ಯ ಎಂದು ಮೂರು ವಿಶೇಷಣಗಳನ್ನು ಕೊಡುವ ಪದ್ಧತಿಯುಂಟು. ಬೆಲೆಯನ್ನು ನಿರ್ಣಯಿಸಿದವರು ಆ ವ್ಯವಹಾರದಲ್ಲಿ ಲಾಭನಷ್ಟವಿಲ್ಲದ ಮೂರನೆಯವರು; ಕೊಡುವವನೂ ಕೊಳ್ಳುವವನೂ ಅದನ್ನು ಒಪ್ಪಿದ್ದಾರೆ; ಆ ಕಾಲದಲ್ಲಿ ಅಂಥ ಭೂಮಿಗೆ ಅದು ಉಚಿತವಾದ ಬೆಲೆ. ಈ ಮೂರರಲ್ಲಿ ಒಂದು ತಪ್ಪಿದರೂ ಕ್ರಯಕ್ಕೆ ಕುಂದು ಬಂದಂತೆ.

ಇದು ಲೇಖಕರು ಯಾಂತ್ರಿಕವಾಗಿ ಬರೆದ ಒಕ್ಕಣೆಯೆಂದು ಕೆಲವರು ಹೇಳಬಹುದು. ಒಕ್ಕಣೆಯೆಂಬುದೇನೋ ನಿಜ. ಎಲ್ಲ ಕ್ರಯಗಳೂ ಈ ಮಾತಿನಂತೆಯೇ ನಡೆದವೆಂದು ಹೇಳುವುದು ಸಾಧ್ಯವೂ ಇಲ್ಲ. ಆದರೆ ಒಂದು ಸಮಾಜವು ತನ್ನ ಒಕ್ಕಣೆಗಳಲ್ಲಿ ಏನನ್ನು ಬರೆಯುವುದು ಅವಶ್ಯವೆಂದು ಭಾವಿಸುತ್ತದೆಯೋ ಅದೇ ಅದರ ಆದರ್ಶದ ಅಳತೆಗೋಲು. ಮಾರಿದವನು ಮುಂದೊಂದು ದಿನ ಬಂದು ಅನ್ಯಾಯವಾಯಿತೆಂದು ಮೊರೆಯಿಟ್ಟರೆ ಕೇಳುವ ಪ್ರಶ್ನೆಗಳು ಈ ಮೂರೇ ಆಗಿದ್ದಿರಬೇಕು.

ಇವೇ ಶಾಸನಗಳಲ್ಲಿ ಇನ್ನೊಂದು ಒಕ್ಕಣೆಯೂ ಗಮನಾರ್ಹವಾಗಿದೆ. ಭೂಮಿಯನ್ನು ಪಡೆದವನಿಗೆ ದಾನ, ಆಧಿ, ಕ್ರಯ, ವಿನಿಮಯಗಳ ಅಧಿಕಾರವುಂಟೆಂದು ಹೇಳುವುದು ವಾಡಿಕೆ. ಆಧಿಯೆಂದರೆ ಅಡವು. ಇಲ್ಲಿ ಕ್ರಯವನ್ನೂ ವಿನಿಮಯವನ್ನೂ ಬೇರೆ ಬೇರೆಯಾಗಿ ಎಣಿಸಿರುವುದನ್ನು ಕಾಣಬಹುದು. ನಾಣ್ಯದ ಚಲಾವಣೆಯು ನೆಲೆಗೊಂಡು, ಬೆಲೆಯೆಂದರೆ ಹೊನ್ನು ಹಣಗಳೆಂಬ ಭಾವನೆ ಬೆಳೆದಂತೆ, ಹಣಕ್ಕೆ ಕೊಡುವುದು ಒಂದು, ವಸ್ತುವಿಗೆ ವಸ್ತುವನ್ನು ಕೊಡುವುದು ಇನ್ನೊಂದು ಎಂಬ ವಿಂಗಡಣೆಯು ವ್ಯವಹಾರದ ಭಾಷೆಯಲ್ಲಿ ಸ್ಪಷ್ಟವಾಯಿತು. ‘ಮಾಱು’ ಧಾತುವು ಮೊದಲಿನ ಅರ್ಥದಲ್ಲಿ ನಿಂತು, ಎರಡನೆಯದನ್ನು ಕ್ರಮೇಣ ಬಿಟ್ಟುಕೊಟ್ಟಿತು.

ಬಿಟ್ಟ ಸ್ಥಾನವನ್ನು ತುಂಬಿದ ಶಬ್ದಗಳು

ಭಾಷೆಯಲ್ಲಿ ಒಂದು ಶಬ್ದವು ತನ್ನ ಸ್ಥಾನವನ್ನು ತೆರವು ಮಾಡಿದರೆ ಆ ಸ್ಥಾನವು ಬಹುಕಾಲ ಬರಿದಾಗಿರುವುದಿಲ್ಲ. ಮಾರು ಎಂಬುದು ಹಣದ ವ್ಯವಹಾರಕ್ಕೆ ಮೀಸಲಾದ ಮೇಲೆ ವಸ್ತುವಿಗೆ ವಸ್ತುವನ್ನು ಕೊಡುವುದಕ್ಕೆ ಸಾಟಿ ಎಂಬ ಮಾತು ಬಳಕೆಗೆ ಬಂದಿತು. ಪಠ್ಯಪುಸ್ತಕಗಳು ಈಗಲೂ ಸಾಟಿ ವ್ಯಾಪಾರವೆಂದೇ ಹೇಳುತ್ತವೆ. ಬದಲು ಎಂಬ ಅರಬ್ಬೀ ಮೂಲದ ಶಬ್ದವು ಆಡಳಿತದ ಭಾಷೆಯ ಜೊತೆಗೆ ಬಂದು, ಅದಲುಬದಲು, ಬದಲಾಗು, ಬದಲಾಯಿಸು ಎಂಬ ರೂಪಗಳಲ್ಲಿ ಕನ್ನಡದ ಮನೆಮಾತೇ ಆಯಿತು. ತಮಿಳರೂ ತೆಲುಗರೂ ಮಾಱು ಎನ್ನುವ ಕಡೆಯಲ್ಲಿ ಕನ್ನಡಿಗನು ಬದಲು ಎನ್ನುವುದಕ್ಕೆ ಒಂದು ಕಾರಣವಿದು: ನಮ್ಮಲ್ಲಿ ಮಾಱು ಅಂಗಡಿಯನ್ನು ಸೇರಿಬಿಟ್ಟಿತ್ತು. ಮಾರ್ಪಾಡು, ಮಾರುವೇಷ ಮೊದಲಾದ ಸಮಾಸಗಳಲ್ಲಿ ಮಾತ್ರ ಅದರ ಹಳೆಯ ಮುಖ ಉಳಿಯಿತು.

ಕೊಳ್ಳು ಎಂಬುದರ ಗತಿಯೂ ಹೀಗೆಯೇ ಆಯಿತು. ಅದು ಸಹಾಯಕ ಕ್ರಿಯಾಪದವಾಗಿ ಮಾಡಿಕೊಳ್ಳು, ಬರೆದುಕೊಳ್ಳು ಎಂಬಂತೆ ಕರ್ತೃವಿಗೇ ಫಲವು ಸೇರುವುದನ್ನು ಸೂಚಿಸುವ ಕೆಲಸಕ್ಕೆ ನಿಂತಿತು. ಹೀಗೆ ಸವೆದ ಧಾತುವಿಗೆ ಸ್ವತಂತ್ರವಾಗಿ ನಿಲ್ಲುವ ಬಲ ಕುಂದಿದ್ದರಿಂದ, ಕ್ರಯಾರ್ಥವನ್ನು ಸ್ಪಷ್ಟಪಡಿಸಲು ಅದನ್ನು ಎರಡು ಸಲ ಹೇಳಿ ‘ಕೊಂಡುಕೊಳ್ಳು’ ಎನ್ನಬೇಕಾಯಿತು. ಖರೀದಿಸು ಎಂಬ ಪಾರಸೀ ಮೂಲದ ಶಬ್ದವೂ ನೆರವಿಗೆ ಬಂದಿತು.

ಮಾರಿದ ಮತ್ತು ಮಾರಿಕೊಂಡ

ಈ ಎರಡು ಧಾತುಗಳು ಇಂದಿನ ಕನ್ನಡದಲ್ಲಿ ಮತ್ತೊಮ್ಮೆ ಒಂದುಗೂಡಿವೆ. ಆದರೆ ಅರ್ಥವು ತಲೆಕೆಳಗಾಗಿದೆ. ಹಿಂದಿನ ‘ಮಾಱುಗೊಳ್’ ಎಂದರೆ ಕೊಂಡುಕೊಳ್ಳುವುದು. ಇಂದಿನ ‘ಮಾರಿಕೊಳ್ಳು’ ಎಂದರೆ ಕಳೆದುಕೊಳ್ಳುವುದು. ಒಬ್ಬನು ಹೊಲವನ್ನು ಮಾರಿದನೆಂದರೆ ಅದು ಸುದ್ದಿ. ಹೊಲವನ್ನು ಮಾರಿಕೊಂಡನೆಂದರೆ ಕೇಳಿದವರು ನಿಟ್ಟುಸಿರು ಬಿಡುತ್ತಾರೆ. ಮೊದಲನೆಯದರಲ್ಲಿ ಬೆಲೆ ಬಂದಿದೆ. ಎರಡನೆಯದರಲ್ಲಿ ಬಂದ ಬೆಲೆ ಹೋದುದಕ್ಕೆ ಸಮವಾಗಲಿಲ್ಲ. ಸಾಲವೋ, ರೋಗವೋ, ಬರಗಾಲವೋ ಅವನ ಕೈ ಹಿಡಿದು ರುಜು ಹಾಕಿಸಿದೆ. ಯಾವ ನಿಘಂಟೂ ಇಷ್ಟನ್ನು ವಿಸ್ತರಿಸಿ ಹೇಳದಿದ್ದರೂ ಹಳ್ಳಿಯ ಅನಕ್ಷರಸ್ಥನೂ ಈ ಎರಡು ರೂಪಗಳನ್ನು ಬೆರೆಸುವುದಿಲ್ಲ. ವಿನಿಮಯದಲ್ಲಿ ಪ್ರತಿಯೆಂಬುದು ಸಮನಾಗಿರಬೇಕೆಂಬ ಹಳೆಯ ಅರಿವು ಈ ಒಂದು ಪ್ರತ್ಯಯಭೇದದಲ್ಲಿ ಜೀವಂತವಾಗಿದೆ.

ಕನ್ನಡ ಸಾಹಿತ್ಯದಲ್ಲಿ ಈ ಮಾರಿಕೊಳ್ಳುವಿಕೆಯ ಪರಾಕಾಷ್ಠೆಯನ್ನು ಕಾಣಬೇಕಾದರೆ ರಾಘವಾಂಕನ ಹರಿಶ್ಚಂದ್ರಕಾವ್ಯಕ್ಕೆ ಹೋಗಬೇಕು. ರಾಜ್ಯವನ್ನಿತ್ತ ಮೇಲೂ ತೀರದೆ ಉಳಿದ ಋಣಕ್ಕಾಗಿ ಹರಿಶ್ಚಂದ್ರನು ಕಾಶಿಯಲ್ಲಿ ಸತಿಸುತರನ್ನು ಮಾರುತ್ತಾನೆ, ಕೊನೆಗೆ ತನ್ನನ್ನೇ ವೀರಬಾಹುಕನಿಗೆ ಮಾರಿಕೊಳ್ಳುತ್ತಾನೆ. ಅವನ ಬಳಿ ಇದ್ದುದರಲ್ಲಿ ಮಾರಾಟಕ್ಕೆ ಬರದೆ ಉಳಿದುದು ಸತ್ಯವೊಂದೇ. ಅದಕ್ಕೆ ಪ್ರತಿಯಾಗಿ ಇಡಬಲ್ಲ ವಸ್ತು ಲೋಕದಲ್ಲಿ ಇರಲಿಲ್ಲ. ಪ್ರತಿಯಿಲ್ಲದ ವಸ್ತುವನ್ನು ಮಾರುವುದು ಹೇಗೆ? ಕಾವ್ಯದ ಈ ನಿಲುವು ಶಬ್ದದ ಮೂಲಾರ್ಥಕ್ಕೆ ಎಷ್ಟು ಸಮೀಪವಾಗಿದೆಯೆಂಬುದನ್ನು ಸಹೃದಯರು ಮನಗಾಣಬಹುದು. ಅದೇ ಪರಂಪರೆಯ ಶರಣರಲ್ಲಿ ಕಟ್ಟಿಗೆಯ ಹೊರೆ ಮಾರಿ ಬಾಳಿದ ಮೋಳಿಗೆಯ ಮಾರಯ್ಯನೂ, ವ್ಯಾಪಾರಕ್ಕಾಗಿ ಸೌರಾಷ್ಟ್ರದಿಂದ ಪುಲಿಗೆರೆಗೆ ಬಂದ ಆದಯ್ಯನೂ ಇದ್ದರು. ಮಾರುವುದನ್ನು ಅವರು ಹೀನವೆಂದು ಬಗೆಯಲಿಲ್ಲ.

ಇಂದಿನ ಕಾನೂನು ಮತ್ತು ಹಳೆಯ ಅರ್ಥ

ಆಧುನಿಕ ಕಾನೂನಿನಲ್ಲಿ ಈ ಧಾತುವಿನ ಚರಿತ್ರೆಯು ಇನ್ನೊಂದು ಸುತ್ತನ್ನು ಸುತ್ತಿದೆ. 1882ರ ಸ್ವತ್ತು ವರ್ಗಾವಣೆ ಕಾಯಿದೆಯು ಮಾರಾಟವನ್ನೂ ವಿನಿಮಯವನ್ನೂ ಬೇರೆ ಬೇರೆ ಪ್ರಕರಣಗಳಲ್ಲಿ ನಿರೂಪಿಸಿತು. 1930ರ ಸರಕು ಮಾರಾಟ ಕಾಯಿದೆಯ ಪ್ರಕಾರ ಬೆಲೆಯೆಂದರೆ ಹಣದ ರೂಪದ ಪ್ರತಿಫಲ. ನಮ್ಮ ರಾಜ್ಯದಲ್ಲಿ 1957ರ ಕಾಯಿದೆಯ ಮೂಲಕ ನಡೆದುಬಂದ ‘ಮಾರಾಟ ತೆರಿಗೆ’ಯ ಸ್ಥಾನಕ್ಕೆ 2005ರಲ್ಲಿ ಮೌಲ್ಯವರ್ಧಿತ ತೆರಿಗೆ ಬಂದಿತು, 2017ರಲ್ಲಿ ಸರಕು ಮತ್ತು ಸೇವಾ ತೆರಿಗೆ ಜಾರಿಗೆ ಬಂದಿತು. ಈ ಕೊನೆಯ ಕಾಯಿದೆಯು ತೆರಿಗೆಗೆ ಒಳಪಡುವ ಪೂರೈಕೆಯನ್ನು ವಿವರಿಸುವಾಗ ಮಾರಾಟದೊಡನೆ ಸಾಟಿಯನ್ನೂ ವಿನಿಮಯವನ್ನೂ ಸೇರಿಸಿ ಹೇಳಿದೆ. ಶತಮಾನಗಳ ಹಿಂದೆ ಕನ್ನಡದ ಒಂದೇ ಧಾತುವು ಒಳಗೊಂಡಿದ್ದ ಅರ್ಥಗಳನ್ನು ಕಾನೂನು ಮತ್ತೆ ಒಂದೇ ಕಟ್ಟಿನಲ್ಲಿ ಕಟ್ಟಿದೆಯೆಂದು ಹೇಳಬಹುದು.

ಸಮನಾದ ಪ್ರತಿಯಿಲ್ಲದ ಮಾರಾಟವನ್ನು ಮಾರಾಟವೆಂದೇ ಒಪ್ಪದ ನ್ಯಾಯವೂ ನಮ್ಮಲ್ಲಿ ಬೆಳೆದಿದೆ. ಮನುಷ್ಯರನ್ನು ಮಾರುವುದನ್ನು ಸಂವಿಧಾನದ 23ನೆಯ ವಿಧಿಯು ನಿಷೇಧಿಸಿತು. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಜನರಿಗೆ ಸರಕಾರವು ಮಂಜೂರು ಮಾಡಿದ ಭೂಮಿಗಳು ಷರತ್ತುಗಳಿಗೆ ವಿರುದ್ಧವಾಗಿ ಪರರ ಪಾಲಾಗುತ್ತಿದ್ದುದನ್ನು ಕಂಡು ಕರ್ನಾಟಕವು 1978ರಲ್ಲಿ ಪರಭಾರೆ ನಿಷೇಧದ ಕಾಯಿದೆಯನ್ನು ಮಾಡಿತು. ಅಂಥ ಕ್ರಯಗಳು ಅಸಿಂಧುವೆಂದೂ, ಭೂಮಿಯನ್ನು ಮೂಲ ಮಂಜೂರಾತಿದಾರನಿಗೆ ಮರಳಿ ಕೊಡಿಸಬೇಕೆಂದೂ ಅದು ವಿಧಿಸಿತು. ಸರ್ವೋಚ್ಚ ನ್ಯಾಯಾಲಯವು 1984ರಲ್ಲಿ ಈ ಕಾಯಿದೆಯನ್ನು ಎತ್ತಿಹಿಡಿಯಿತು. ಪತ್ರದಲ್ಲಿ ರುಜುವಿತ್ತು, ಹಣವೂ ಕೈ ಸೇರಿತ್ತು; ಆದರೂ ಕಾಯಿದೆಯು ಅದನ್ನು ಕ್ರಯವೆಂದು ಮನ್ನಿಸಲಿಲ್ಲ. ಹಳ್ಳಿಯ ಕನ್ನಡದಲ್ಲಿ ಹೇಳುವುದಾದರೆ ಅವರು ಭೂಮಿಯನ್ನು ಮಾರಿದವರಲ್ಲ, ಮಾರಿಕೊಂಡವರು. ಶಾಸನಗಳು ಹೇಳುವ ಮಧ್ಯಸ್ಥ, ಉಭಯಸಮ್ಮತಿ, ಕಾಲೋಚಿತ ಬೆಲೆ ಎಂಬ ಮೂರು ಮಾತುಗಳನ್ನು ಅಲ್ಲಿ ಹುಡುಕಿದರೆ ಎಷ್ಟು ಪತ್ರಗಳು ನಿಲ್ಲುತ್ತಿದ್ದವು?

ಶಬ್ದಗಳ ಮೂಲಾರ್ಥವನ್ನು ಹುಡುಕಿ ತೆಗೆದು ಅದೇ ನಿಜವಾದ ಅರ್ಥವೆಂದು ಸಾಧಿಸಹೊರಡುವುದು ವಿದ್ವತ್ತಿನ ಲಕ್ಷಣವಲ್ಲ. ಬಳಕೆಯೇ ಅರ್ಥಕ್ಕೆ ಪ್ರಮಾಣ. ಮಾರು ಎಂಬುದಕ್ಕೆ ಇಂದು ಬೆಲೆಗೆ ಕೊಡು ಎಂಬುದೇ ಅರ್ಥ, ಅದರಲ್ಲಿ ಸಂದೇಹವಿಲ್ಲ. ಆದರೆ ಬಳಕೆಯು ಮೂಲವನ್ನು ಪೂರ್ತಿಯಾಗಿ ಅಳಿಸಿಲ್ಲವೆಂಬುದನ್ನು ಮಾರ್ದನಿ, ಮಾರ್ನುಡಿಗಳೂ, ಮಾರಿದ ಮತ್ತು ಮಾರಿಕೊಂಡ ಎಂಬ ರೂಪಗಳ ಭೇದವೂ ತೋರಿಸುತ್ತವೆ. ಬೆಟ್ಟದ ಮುಂದೆ ನಿಂತು ಕೂಗಿದಷ್ಟೇ ದನಿ ಬೆಟ್ಟದಿಂದ ಮರಳಿ ಬರುತ್ತದೆ. ಕೊಟ್ಟುದಕ್ಕೆ ತಕ್ಕುದು ಮರಳಿ ಬಂದಾಗ ಮಾತ್ರ ವ್ಯವಹಾರಕ್ಕೆ ಮಾರಾಟವೆಂಬ ಹೆಸರು ಸಲ್ಲುತ್ತದೆ. ಇಲ್ಲವಾದರೆ ಅದರಲ್ಲಿ ಉಳಿಯುವುದು ಬರಿಯ ಕೊಳ್.